ಗಾಜಿನೊಳಗೆ ಸಿಕ್ಕ ಗಾಳಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹಂಚಿನ ಮನೆಗಳಲ್ಲಿ ಮಾಡಿನ ನಡುವೆ ಒಂದೆರಡು ಗಾಜಿನ ಹಂಚು ಇರುವುದುಂಟು. ಬೆಳಕು ಬರಲಿ, ಮಳೆ, ಗಾಳಿ ಹೊರಗೇ ಇರಲಿ ಎಂದು. ಆ ಹಂಚಿನ ಮಟ್ಟಿಗೆ ನಮ್ಮ ನಂಬಿಕೆ ಬಹುಪಾಲು ಸರಿ. ಹೊಯ್ಗೆಯ ಜತೆ ಸೋಡ, ಸುಣ್ಣ ಬೆರೆಸಿ ಕರಗಿಸಿದ ಗಾಜು ಅದು. ಸೋಡಿಯಂ ಅಯಾನುಗಳು ಸಂದುಗಳಲ್ಲಿ ಕೂತು ದಾರಿ ಕಟ್ಟಿರುತ್ತವೆ. ಬರೀ ಸಿಲಿಕಾದ ಗಾಜು ಹಾಗಲ್ಲ. ಅದರ ಜಾಲದ ತುಂಬ ಖಾಲಿ ಗೂಡುಗಳು. ಚೆನ್ನಾಗಿ ಕಾಯಿಸಿದರೆ ಆಮ್ಲಜನಕದ ಅಣು ಒಡೆಯದೆ ಇಡಿಯಾಗಿಯೇ ಗೂಡಿನಿಂದ ಗೂಡಿಗೆ ನುಸುಳುತ್ತದೆ.

1961ರಲ್ಲಿ ಎಫ್. ಜೆ. ನಾರ್ಟನ್ ಈ ಸೋರಿಕೆಯನ್ನು ಅಳೆದರು. 1965ರಲ್ಲಿ ಬ್ರೂಸ್ ಡೀಲ್ ಮತ್ತು ಆಂಡ್ರೂ ಗ್ರೋವ್ (ಮುಂದೆ ಇಂಟೆಲ್ ನಡೆಸಿದ ಗ್ರೋವ್ ಇವರೇ) ಸಿಲಿಕಾನಿನ ಮೇಲೆ ಆಕ್ಸೈಡ್ ಪದರ, ಅಂದರೆ ಸಿಲಿಕಾ, ಬೆಳೆಯುವ ಲೆಕ್ಕ ಕೊಟ್ಟಾಗ ನಾರ್ಟನ್ನರ ಅಂಕಿಗಳು ಅದಕ್ಕೆ ಹೊಂದಿಕೊಂಡವು. ಚಿಪ್ ತಯಾರಿಕೆ ಅದರ ಮೇಲೆ ಬೆಳೆಯಿತು. ಆದರೆ ಇದೆಲ್ಲ ಬಾಗಿಲಲ್ಲಿ ನಿಂತು ಹೋಗಿಬರುವವರನ್ನು ಎಣಿಸಿದ ಹಾಗೆ. ಒಳಗಿರುವುದೂ ಅತ್ಯಲ್ಪ: 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮ್ಲಜನಕದ ಒತ್ತಡ ಒಂದು ವಾತಾವರಣದಷ್ಟಿದ್ದಾಗ, ಸುಮಾರು 4 ಲಕ್ಷ ಸಿಲಿಕಾ ಘಟಕಗಳಿಗೆ ಒಂದು ಅಣು.

ಅದನ್ನು ಹುಡುಕುವುದು ಹೇಗೆ? ಗಾಜನ್ನೇ ಬೆಳಕಿನಿಂದ ವಿಚಾರಿಸುವ ಕೆಲಸ ನಮ್ಮಲ್ಲೂ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಎಸ್. ಕೃಷ್ಣನ್ 1953ರಲ್ಲೇ ಸಿಲಿಕಾ ಗಾಜಿನ ರಾಮನ್ ರೋಹಿತವನ್ನು ಪ್ರಕಟಿಸಿದ್ದರು. ಆಮ್ಲಜನಕದ ಗುರುತು ಇನ್ನೂ ಹಳೆಯದು. ಮರವಂತೆಯಲ್ಲಿ ಕಡಲಿಗಿಳಿಯುವ ಸೂರ್ಯನ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿ: ಕಡುಗೆಂಪಿನ ಅಂಚಿನಲ್ಲಿ, 760 ನ್ಯಾನೋಮೀಟರ್ ಬಳಿ, ಒಂದು ಕಪ್ಪು ಪಟ್ಟೆ. ಅದು ಸೂರ್ಯನದಲ್ಲ, ನಾವು ಉಸಿರಾಡುವ ಆಮ್ಲಜನಕ ನುಂಗಿದ ಬೆಳಕು. ಕಣ್ಣಿಗೆ ಕಾಣದ ಅವಕೆಂಪಿನಲ್ಲಿ, 1270ರ ಸುತ್ತ, ಅದರದೇ ಇನ್ನೊಂದು ಪಟ್ಟೆಯಿದೆ.

1996ರಲ್ಲಿ ಲಾಟ್ವಿಯಾದ ಲಿನಾರ್ಡ್ಸ್ ಸ್ಕುಯಾ ಮತ್ತು ಜರ್ಮನಿಯ ಗುಟ್ಲರ್ ಹಿಡಿದದ್ದು ಈ ಎಳೆಯನ್ನೇ. ಗಾಜಿಗೆ 1064 ನ್ಯಾನೋಮೀಟರಿನ ಲೇಸರ್ ಹಾಯಿಸಿದರು. ಒಳಗಿನ ಅಣು 1272ರಲ್ಲಿ ತಾನೇ ಮಿನುಗಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದು. ಗಾಜನ್ನು ಕಾಯಿಸಬೇಕಿಲ್ಲ, ಒಡೆಯಬೇಕಿಲ್ಲ. ಆ ಮಿನುಗು ಆರುವುದೂ ನಿಧಾನ. ನೀರಿನಲ್ಲಾದರೆ ಕೆರಳಿದ ಆಮ್ಲಜನಕ ಮೂರೂವರೆ ಮೈಕ್ರೋಸೆಕೆಂಡಿನಷ್ಟರಲ್ಲಿ ತಣಿಯುತ್ತದೆ, ನೀರಿನ ಅಣುಗಳ ಬಿರುಸಾದ ಕಂಪನ ಅದರ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಸಿಲಿಕಾ ಜಾಲದ ಕಂಪನ ಮಂದ. ಕಸಿಯುವವರಿಲ್ಲದೆ ಅಣು ಹತ್ತಿರ ಹತ್ತಿರ ಒಂದು ಸೆಕೆಂಡು ಉಳಿಯುತ್ತದೆ. ಅಣುಗಳ ಜಗತ್ತಿನಲ್ಲಿ ಅದೊಂದು ಯುಗ.

ಆಮೇಲೆ ಟೋಕಿಯೋದ ಕಾಜಿಹಾರ, ಹೊಸೊನೊ ಮೊದಲಾದವರು ಸ್ಕುಯಾ ಜತೆಗೂಡಿ 765 ನ್ಯಾನೋಮೀಟರಿನ ಬೆಳಕು ಬಳಸಿ ಈ ಮಿನುಗನ್ನು ಇನ್ನಷ್ಟು ಸೂಕ್ಷ್ಮವಾಗಿ ಹಿಡಿದರು. ಅಲೆಯುವ ಅಣು ಜಾಲದ ಪರಮಾಣುಗಳೊಡನೆ ಅದಲುಬದಲಾಗುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಭಾರದ ಆಮ್ಲಜನಕ-18 ಸಾಕ್ಷಿ ಹೇಳಿತು. ಐಸೊಟೋಪ್ ಬದಲಾದಂತೆ ಮಿನುಗಿನ ರೇಖೆ ತುಸು ಸರಿಯುತ್ತದೆ, ಅದನ್ನು ನೋಡಿ ಬದಲಾವಣೆ ನಡೆಯುತ್ತದೆಂದು ತಿಳಿಯಿತು. ಇಟಲಿಯ ಪಲೆರ್ಮೊದವರು ನ್ಯಾನೋ ಕಣಗಳಲ್ಲಿ 200 ಡಿಗ್ರಿಗಿಂತ ಕೆಳಗೂ ಈ ಅಲೆದಾಟವನ್ನು ಅಳೆದಿದ್ದಾರೆ. ಕಣ ಅಷ್ಟು ಚಿಕ್ಕದಿದ್ದರೆ ಅಣುವಿಗೆ ಹೊರಬೀಳಲು ಹೆಚ್ಚು ದೂರವಿಲ್ಲ.

ಈಗ ಬೈಂದೂರಿನ ಮನೆಗೂ ಇಂಟರ್ನೆಟ್ ತರುವ ಕೂದಲೆಳೆಯ ಕೇಬಲ್ಲಿನ ತಿರುಳೂ ಸಿಲಿಕಾವೇ. ವಿಕಿರಣ ತಾಗುವ ಕಡೆ ಇಂಥ ಎಳೆ ಕ್ರಮೇಣ ಮಂಕಾಗುತ್ತದೆ. ಅದನ್ನು ತಡೆಯಲು ಕೆಲವು ಎಳೆಗಳಿಗೆ ಮೊದಲೇ ಆಮ್ಲಜನಕ ತುಂಬಿ ನೋಡುತ್ತಿದ್ದಾರೆ. ತುಂಬಿದ್ದು ಒಳಗೆ ಸೇರಿತೇ ಎಂದು ತಿಳಿಯುವುದು ಅದೇ 1272ರ ಮಿನುಗಿನಿಂದ.