ಮರೆತ ಗುಳಿಗೆಯ ಇತಿಹಾಸ

1930ನೆಯ ಇಸವಿ ಜೂನ್ 11ರಂದು ಮೈಸೂರು ಸರಕಾರವು ತನ್ನ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತತಿ ನಿಯಮನದ ಚಿಕಿತ್ಸಾಲಯಗಳನ್ನು ತೆರೆಯುವಂತೆ ಆಜ್ಞೆಯನ್ನು ಹೊರಡಿಸಿತು. ಸರಕಾರವೊಂದು ತಾನಾಗಿ ಇಂಥ ಕಾರ್ಯಕ್ಕೆ ಕೈಹಾಕಿದುದು ಲೋಕದಲ್ಲಿಯೇ ಮೊದಲೆಂದು ಗಣಿಸಲ್ಪಟ್ಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿಯೂ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿಯೂ ಇದ್ದ ಕಾಲವದು. ಆದರೆ ಈ ಭಾಗದಲ್ಲಿ ಆ ಸಂಸ್ಥಾನದ ಎಲ್ಲೆ ತುಂಗಭದ್ರೆಯಾಗಿತ್ತು. ಆಚೆ ದಂಡೆಯ ಹರಿಹರವು ಮೈಸೂರಿನದು. ಈಚೆಯ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದವು. ಮುಂಬಯಿಯಲ್ಲಿ 1921ರಲ್ಲಿಯೇ ರಘುನಾಥ ಧೋಂಡೋ ಕರ್ವೆಯವರು ಸ್ವಂತವಾಗಿ ಇಂಥದೇ ಚಿಕಿತ್ಸಾಲಯವನ್ನು ತೆರೆದಿದ್ದರು. ಅದಕ್ಕಾಗಿ ಅವರು ತಮ್ಮ ಪ್ರಾಧ್ಯಾಪಕ ವೃತ್ತಿಯನ್ನೇ ತೆರಬೇಕಾಯಿತು.

ಅಂದಿನ ಸಾಧನಗಳೆಲ್ಲ ಸಮಾಗಮದ ಹೊತ್ತಿಗೆ ಬಳಸತಕ್ಕವು. ಗುಳಿಗೆಯ ರೀತಿಯೇ ಬೇರೆ. ಮೆಕ್ಸಿಕೋ ದೇಶದ ಕಾಡುಗೆಣಸಿನ ಸತ್ವದಿಂದ 1951ರಲ್ಲಿ ತಯಾರಾದ ಕೃತಕ ಅಂತಃಸ್ರಾವವು ಇದಕ್ಕೆ ದಾರಿ ಮಾಡಿತು. 1960ರಲ್ಲಿ ಅಮೆರಿಕೆಯ ಸರಕಾರವು ಮೊದಲ ಗರ್ಭನಿರೋಧಕ ಗುಳಿಗೆಗೆ ಸಮ್ಮತಿಯಿತ್ತಿತು. ಅಂದಿನಿಂದ ಭಾರವೆಲ್ಲ ಸ್ತ್ರೀಯ ನೆನಪಿನ ಮೇಲೆ ಬಿದ್ದಿತು. ಇಲಿನಾಯ್ ಪ್ರಾಂತದ ಡೇವಿಡ್ ವ್ಯಾಗ್ನರನೆಂಬ ಗೃಹಸ್ಥನು, ನಾಲ್ಕು ಮಕ್ಕಳಾದ ತರುವಾಯ, "ಇಂದಿನ ಗುಳಿಗೆ ಆಯಿತೇ?" ಎಂದು ಹೆಂಡತಿಯನ್ನು ದಿನವೂ ಕೇಳುವನು, ಇಬ್ಬರಿಗೂ ಬೇಸರ. ಕಡೆಗೆ ಕಾಗದದ ಮೇಲೆ ವಾರಗಳನ್ನು ಬರೆದು ಒಂದೊಂದರ ಮೇಲೆ ಒಂದೊಂದು ಗುಳಿಗೆಯನ್ನಿಟ್ಟನು. ಕಾಗದವು ಕೆಳಗೆ ಬಿದ್ದು ಎಲ್ಲವೂ ಚೆಲ್ಲಾಪಿಲ್ಲಿಯಾಗಲು, ದಿನ ತೋರುವ ದುಂಡನೆಯ ಡಬ್ಬಿಯನ್ನು ಮಾಡಿ 1962ರಲ್ಲಿ ಅದರ ಹಕ್ಕಿಗೆ ಅರ್ಜಿ ಹಾಕಿದನು. ಮನೆಯೊಳಗಿನ ಇಷ್ಟು ಸಣ್ಣ ಕಿರಿಕಿರಿಯು ಔಷಧದ ಪೊಟ್ಟಣದ ರೂಪವನ್ನೇ ಬದಲಿಸಿತೆಂಬುದು ವಿನೋದದ ಸಂಗತಿ.

ನಮ್ಮ ದೇಶದಲ್ಲಿ ಸರಕಾರವು ಉಚಿತವಾಗಿ ಕೊಡುವ ಮಾಲಾ-ಎನ್ ಪೊಟ್ಟಣದಲ್ಲಿ 28 ಗುಳಿಗೆಗಳುಂಟು. 21ರಲ್ಲಿ ಅಂತಃಸ್ರಾವ, ಉಳಿದ 7 ಕೇವಲ ಕಬ್ಬಿಣಾಂಶದವು, ಎಣಿಕೆ ತಪ್ಪದಿರಲೆಂದು ಇಟ್ಟವು. ಅಂತಃಸ್ರಾವವು ಬೀಜಕೋಶವನ್ನು ಸುಪ್ತವಾಗಿಡುತ್ತದೆ. ಏಳು ದಿನದ ಬಿಡುವನ್ನು ಅದು ಸಹಿಸೀತು, ಬಿಡುವು ಬೆಳೆದರೆ ಎಚ್ಚರಗೊಳ್ಳುವುದು. ಆದುದರಿಂದಲೇ ಹೊಸ ಪೊಟ್ಟಣದ ಮೊದಲ ಗುಳಿಗೆಗಳನ್ನು ಮರೆಯುವುದು ಅತಿ ಅಪಾಯಕರ. ಕಬ್ಬಿಣದ ಗುಳಿಗೆ ಮರೆತರೆ ಬಾಧೆಯಿಲ್ಲ. ಅನೇಕ ಮನೆಗಳಲ್ಲಿ ಇದನ್ನು ತಿರುವುಮುರುವಾಗಿ ತಿಳಿದಿರುವುದುಂಟು. ಒಂದು ತಪ್ಪಿದರೆ ನೆನಪಾದೊಡನೆ ನುಂಗಿ, ಮುಂದಿನದನ್ನು ಅದರ ವೇಳೆಗೇ ತೆಗೆದುಕೊಳ್ಳಬೇಕು. ಎರಡಾಗಲಿ ಹೆಚ್ಚಾಗಲಿ ತಪ್ಪಿದರೆ, ಒಂದನ್ನು ಕೂಡಲೇ ನುಂಗಿ ಕ್ರಮವನ್ನು ಮುಂದುವರಿಸುತ್ತ, ಏಳು ದಿನ ನಿರೋಧವನ್ನೂ ಬಳಸತಕ್ಕದ್ದು. ಮೂರನೆಯ ವಾರದಲ್ಲಿ ಹೀಗಾದರೆ ಕಬ್ಬಿಣದವನ್ನು ಬಿಟ್ಟು, ಅಂತಃಸ್ರಾವದವು ಮುಗಿದ ಮರುದಿನವೇ ಹೊಸ ಪೊಟ್ಟಣವನ್ನು ಆರಂಭಿಸುವರು. ಮೊದಲ ವಾರದಲ್ಲಿ ತಪ್ಪಿ ಸಮಾಗಮವೂ ನಡೆದಿದ್ದರೆ 72 ಗಂಟೆಗಳೊಳಗಿನ ತುರ್ತು ಗುಳಿಗೆಯ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು. ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರ ಸ್ತ್ರೀಯರಲ್ಲಿ ಮೂವರಷ್ಟೇ ಗರ್ಭಿಣಿಯರಾಗುವರು. ಲೋಕರೂಢಿಯಂತೆ ಮರೆಯುತ್ತ ನುಂಗಿದಾಗ ಆ ಸಂಖ್ಯೆಯು ಎಪ್ಪತ್ತಕ್ಕೇರುವುದು.

1997ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. ಒಂದು ಕಾಲಕ್ಕೆ ಹೊಳೆಯಾಚೆ ಇದ್ದುದನ್ನು ಈಗ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ತರುವರು. ಆದರೂ ಬ್ಯಾಡಗಿಯ ಹೆಣ್ಣುಮಗಳು ನಸುಕಿನಲ್ಲೆದ್ದು ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ಸುಗ್ಗಿಯ ದಿನಗಳಲ್ಲಿ ಪೊಟ್ಟಣವು ಗೂಡಿನಲ್ಲಿಯೇ ಉಳಿದೀತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಕಂಡುಹಿಡಿದ, ಈಗ ಛಾಯಾ ಎಂಬ ಹೆಸರಿನಿಂದ ಸರಕಾರಿ ಆಸ್ಪತ್ರೆಗಳಲ್ಲಿ ದೊರೆಯುವ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಮುಂದೆ ವಾರಕ್ಕೊಂದೇ ಸಲ ನುಂಗಿದರಾಯಿತು. ಅದರ ದಿನವನ್ನು ಊರ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳಲೂ ಬರುತ್ತದೆ.