ಬೆಳಕಿಂಡಿಯ ಹೊತ್ತು

ಕುಷ್ಟಗಿ ತಾಲ್ಲೂಕಿನ ನನ್ನ ತವರುಮನೆಯ ಪಡಸಾಲೆಯಲ್ಲಿ ಆರು ಸುಣ್ಣದ ಬೊಟ್ಟುಗಳಿದ್ದವು, ಮೂರರಂತೆ ಎರಡು ಸಾಲು. ಮಂಗಳವಾರ, ಶುಕ್ರವಾರ ನೆಲ ಸಾರಿಸಿದ ಮೇಲೆ ಅಮ್ಮ ನಡುಗಂಬದಿಂದ ಗೇಣು ಹಾಕಿ ಅಳೆದು ಅವನ್ನು ತಿರುಗಿ ಇಡುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ, ತಾಯಿಗೆ ಅವ್ವ, ಚಿಕ್ಕಮ್ಮನಿಗೆ ಚಿಗವ್ವ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ರೊಟ್ಟಿಯಗಲದ ಬಿಲ್ಲೆಯಾಗಿ ಪಡುವಲ ಗೋಡೆಯಿಂದ ನೆಲಕ್ಕೆ ಬಂದು, ನೆಲದ ಮೇಲೆ ಮೂಡಲಕ್ಕೆ ಸರಿಯುತ್ತಿತ್ತು. ಅದು ಮೊದಲ ಬೊಟ್ಟಿಗೆ ಮುಟ್ಟಿದರೆ ಬುತ್ತಿಗಂಟು ಹೊಲದ ದಾರಿ ಹಿಡಿದಿರಬೇಕು. ನಡುವಿನದಕ್ಕೆ ಬಂದರೆ ಮನೆಯಲ್ಲಿದ್ದವರ ಊಟ. ಮೂರನೆಯದಕ್ಕೆ ಬಂದಾಗ ಒಣಹಾಕಿದ ಕಾಳು ತಿರುವಿ, ಸೀನೀರಿನ ಬಾವಿಗೆ ಕೊಡ ಹೊತ್ತು ಹೊರಡುವ ಹೊತ್ತು. ಒಂದು ಸಾಲು ಬ್ಯಾಸಗಿಯದು, ಇನ್ನೊಂದು ಚಳಿಗಾಲದ್ದು. ಸೂರ್ಯ ತೆಂಕಲಿಗೆ ವಾಲಿದಾಗ ಬಿಲ್ಲೆ ಬಡಗಲಿಗೆ ಸರಿಯುತ್ತದೆ ಎಂಬುದನ್ನು ಅಮ್ಮ ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಸರಿದದ್ದನ್ನು ನೋಡಿದ್ದಳು, ಅದಕ್ಕೊಂದು ಸಾಲು ಹಾಕಿದ್ದಳು.

ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯ ಗಂಟೆಗೆ ದುಡಿದವಳು ನಾನು. ಮನೆಗೆಲಸಕ್ಕೆ ವೇಳಾಪಟ್ಟಿ ಹಾಕಿಕೊಳ್ಳುವುದು ಹೇಗೆಂದು ಈಗ ಯಾರಾದರೂ ಹೇಳಿಕೊಡುವಾಗ ಆ ಬೊಟ್ಟುಗಳೇ ನೆನಪಿಗೆ ಬರುತ್ತವೆ. ನಮ್ಮ ಕೊಪ್ಪಳ ಸೀಮೆಯ ಮನೆಗಳಲ್ಲಿ ಹೊತ್ತಿನ ಲೆಕ್ಕಕ್ಕೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ಬಾಳಿದವರು ಬರೆದಿಡಲಿಲ್ಲ, ಬರೆದಿಡಲು ಅವರಿಗೆ ಪುರುಸೊತ್ತೂ ಇರಲಿಲ್ಲ.

ನಡುವಿನ ಬೊಟ್ಟಿನ ಬಗ್ಗೆ ಒಂದು ಮಾತು. ಅವ್ವನ ಮದುವೆಯಾದ ಮೇಲೆ ಮನೆಗೊಂದು ಗೋಡೆ ಗಡಿಯಾರ ಬಂತು. ಬಿಲ್ಲೆ ನಡು ಬೊಟ್ಟಿನ ಮೇಲೆ ಕೂತಾಗ, ಅಂದರೆ ನಡುಹಗಲಿಗೆ, ಗಡಿಯಾರ ಹನ್ನೆರಡೂವರೆಯ ಹತ್ತಿರ ಇರುತ್ತಿತ್ತು. ಗಡಿಯಾರ ಮುಂದೆ ಓಡುತ್ತದೆಂದು ಅಮ್ಮ, ಬೊಟ್ಟು ತಪ್ಪಿದೆಯೆಂದು ಅಪ್ಪ. ಬೊಟ್ಟೂ ಗಡಿಯಾರವೂ ಎರಡೂ ಸರಿಯೇ ಇದ್ದವೆಂದು ನನಗೆ ತಿಳಿದದ್ದು ಭೂಗೋಳ ಕಲಿಸತೊಡಗಿದ ಮೇಲೆ. 1906ರಲ್ಲಿ ಬಂದ ಭಾರತೀಯ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕೊಪ್ಪಳ, ಕುಷ್ಟಗಿಗಳು ಇರುವುದು 76 ಡಿಗ್ರಿ ದಾಟಿ ಒಂದಿಷ್ಟು. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 25 ನಿಮಿಷ ಹಿಂದೆ. ಹಗಲು ರಾತ್ರಿ ಸೇರಿ 60 ಘಳಿಗೆ ಎಂದು ಎಣಿಸುತ್ತಿದ್ದ ಹಿರಿಯರ ಲೆಕ್ಕದಲ್ಲಿ ಒಂದು ಘಳಿಗೆಗೆ 24 ನಿಮಿಷ. ಅಂದರೆ ಅಮ್ಮನಿಗೂ ಗಡಿಯಾರಕ್ಕೂ ಇದ್ದ ಜಗಳ ಹೆಚ್ಚುಕಡಿಮೆ ಒಂದು ಘಳಿಗೆಯದು.

ಬೆಳಕಿಂಡಿಯ ಲೆಕ್ಕ ಹಗಲಿನದು. ಮನೆಯ ದಿನವಾದರೋ ಕತ್ತಲಲ್ಲೇ ಶುರುವಾಗುತ್ತಿತ್ತು. ಮೂಡಲಲ್ಲಿ ಬೆಳ್ಳಿ ಮೂಡಿದರೆ ಏಳುವುದು, ಬೀಸುಕಲ್ಲಿನ ಮುಂದೆ ಕೂರುವುದು. ಆದರೆ ಬೆಳ್ಳಿ ವರ್ಷವಿಡೀ ನಸುಕಿನಲ್ಲಿ ಕಾಣುವುದಿಲ್ಲ. ಸುಮಾರು ಎಂಟು ತಿಂಗಳು ನಸುಕಿನಲ್ಲಿದ್ದು, ಮರೆಯಾಗಿ, ಮುಂದೆ ಅಷ್ಟೇ ಕಾಲ ಪಡುವಲ ಸಂಜೆಯಲ್ಲಿ ಹೊಳೆಯುತ್ತದೆ. ಆ ತಿಂಗಳುಗಳಲ್ಲಿ ಅಮ್ಮ ಕೋಳಿಯ ಕೂಗಿಗೋ ಸಾಲು ಮೂರು ಚಿಕ್ಕಿ ಎಲ್ಲಿಗೆ ಇಳಿದಿವೆ ಎಂಬುದಕ್ಕೋ ಏಳುತ್ತಿದ್ದಳು. ಬೆಳದಿಂಗಳಲ್ಲಿ ಕೋಳಿ ಮೋಸಹೋಗಿ ಹೊತ್ತಿಗೆ ಮೊದಲೇ ಕೂಗುವುದೂ ಉಂಟು. ಹಾಗೆ ನಡುರಾತ್ರಿಯೇ ಎದ್ದು ಎರಡು ಸೇರು ಬೀಸಿ ಮುಗಿಸಿ, ಬೆಳಗಾಗದ್ದನ್ನು ಕಂಡು ಮತ್ತೆ ಮಲಗಿದ ಕಥೆ ನಮ್ಮ ಓಣಿಯ ಪ್ರತಿ ಮನೆಯ ಹೆಂಗಸಿನದೂ ಆಗಿತ್ತು.

ಬಿಳಿಜೋಳದ ಹಿಟ್ಟನ್ನು ಅಂದಂದಿಗೇ ಬೀಸಬೇಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ತಟ್ಟುವಾಗ ರೊಟ್ಟಿ ಸೀಳುತ್ತದೆ. ಹಾಗಾಗಿ ಹನ್ನೆರಡು ಜನರ ಮನೆಯಲ್ಲಿ ಬೀಸುವುದನ್ನು ನಾಳೆಗೆ ತಳ್ಳುವಂತಿರಲಿಲ್ಲ. ಎದುರುಬದುರು ಇಬ್ಬರು ಕೂತು, ಒಂದೇ ಗೂಟ ಹಿಡಿದು, ಹಾಡುತ್ತ ಬೀಸುತ್ತಿದ್ದರು. ಹಲಸಂಗಿಯ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಸಂಕಲನವನ್ನು ಓದಿದವರು ಆ ತ್ರಿಪದಿಗಳ ಚೆಲುವನ್ನು ಮೆಚ್ಚುತ್ತಾರೆ, ನಾನೂ ಮೆಚ್ಚಿದ್ದೇನೆ. ಆದರೆ ಬೀಸುವವರಿಗೆ ಆ ಹಾಡು ಅಳತೆಯೂ ಆಗಿತ್ತು. ತವರಿನ ಮೇಲಿನ ಪದಗಳು ಮುಗಿದು ಬಸವಣ್ಣನ ಮೇಲಿನವು ಶುರುವಾದರೆ ಅರ್ಧ ಜೋಳ ಮುಗಿಯಿತೆಂದು ಅಮ್ಮನ ಲೆಕ್ಕ. ಕಲ್ಲಿನ ಬಾಯಿಗೆ ಹಾಕುವ ಹಿಡಿಗೂ ಪದದ ಸಾಲಿಗೂ ಹೊಂದಿಕೆ ತಪ್ಪುತ್ತಿರಲಿಲ್ಲ. ಚಿಗವ್ವ ನಡುವೆ ಪದ ಮರೆತರೆ, “ಹಾಡು ನಿಂತರ ಕಲ್ಲು ಭಾರ ಆಗ್ತದವ್ವಾ” ಅನ್ನುತ್ತಿದ್ದಳು ಅಮ್ಮ.

ಮನೆಯ ಒಪ್ಪ ಓರಣವೂ ಆ ಕತ್ತಲಿನಿಂದಲೇ ಬಂದದ್ದು ಎಂಬುದು ನನ್ನ ನಂಬಿಕೆ. ಚಿಮಣಿ ಎಣ್ಣೆಯನ್ನು ಉಳಿಸಬೇಕು. ಆದ್ದರಿಂದ ಅಡುಗೆಮನೆಯ ಪ್ರತಿ ವಸ್ತು ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು. ಅಡಕಲ ಗಡಿಗೆಯಲ್ಲಿ ಬುಡದಿಂದ ತುದಿಯವರೆಗೆ ಒಂದು ಕ್ರಮವಿತ್ತು: ಎಲ್ಲಕ್ಕಿಂತ ಕೆಳಗೆ ಬಿತ್ತನೆಯ ಕಾಳು, ಅದರ ಮೇಲೆ ವರ್ಷದ ಬೇಳೆ, ಮೇಲಕ್ಕೆ ಹೋದಂತೆ ದಿನಬಳಕೆಯ ಹೆಸರು, ಅಲಸಂದಿ, ತುದಿಯ ಪುಟ್ಟ ಗಡಿಗೆಯಲ್ಲಿ ಉಪ್ಪು. ಬೀಜದ ಕಾಳಿಗೆ ಕೈ ಹಾಕಬೇಕೆಂದರೆ ಮೇಲಿನ ನಾಲ್ಕು ಗಡಿಗೆ ಇಳಿಸಬೇಕು. ಬರಗಾಲದ ವರ್ಷ ಹಸಿದ ಮನೆ ದುಡುಕಿ ಬೀಜ ತಿನ್ನದಂತೆ ಆ ನಾಲ್ಕು ಗಡಿಗೆಗಳೇ ತಡೆ. ಹಾಲು, ಬೆಣ್ಣೆ ನೆಲುವಿನಲ್ಲಿ. ಕೊಡ ಹೊರುವ ಸಿಂಬಿ ಬಾಗಿಲ ಹಿಂದಿನ ಗೂಟಕ್ಕೆ. ಗೋಡೆಯ ಮಾಡಿನಲ್ಲಿ ಬಲಗಡೆ ದೀಪ, ಎಡಗಡೆ ಕಡ್ಡಿಪೆಟ್ಟಿಗೆ. ಅದಲುಬದಲು ಮಾಡಿದ ಮಕ್ಕಳಿಗೆ ಅಮ್ಮ ಹೊಡೆಯುತ್ತಿರಲಿಲ್ಲ. ಕಣ್ಣಿಗೆ ಸೆರಗು ಕಟ್ಟಿ, “ಈಗ ಹುಡುಕು” ಅನ್ನುತ್ತಿದ್ದಳು. ನಾನು ಹುಡುಕಿದ್ದೇನೆ.

ಹಗೇವಿನ ಲೆಕ್ಕ ಇನ್ನೂ ದೊಡ್ಡದು. ಗಟ್ಟಿ ನೆಲದಲ್ಲಿ ಆಳುದ್ದ ತೋಡಿದ ಆ ಗುಂಡಿಯ ಸುತ್ತ ಕಣಿಕಿ, ರವದಿ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಒಳಗೆ ಉಸಿರಾಡುವ ಗಾಳಿ ಮುಗಿದುಹೋಗಿ ಹುಳ ಬದುಕುವುದಿಲ್ಲ. ಅದೇ ಕಾರಣಕ್ಕೆ ತೆರೆದ ಕೂಡಲೇ ಮನುಷ್ಯನೂ ಇಳಿಯಬಾರದು. ಬಾಯಿ ತೆಗೆದು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಮನೆಯೊಳಗಿನ ಕಣಜ ಗುಮ್ಮಿಯ ಜೋಳ ಎಷ್ಟು ದಿನಕ್ಕೆ ಮುಗಿಯುತ್ತದೆ, ಹಗೇವು ಯಾವಾಗ ತೆಗೆಯಬೇಕು ಎಂಬುದು ಮನೆಯ ಹಿರಿಯಳ ಮಾತು, ಅಜ್ಜನದಲ್ಲ. ಆರಿದ್ರಿ ಮಳೆಗೆ ಮುಂಚೆ ತೆಗೆದರೆ ಒಣಗಿಸಲು ಬಿಸಿಲು ಸಿಗುತ್ತದೆ, ಆಮೇಲೆ ತೆಗೆದರೆ ಕಾಳು ತೇವ ಎಳೆಯುತ್ತದೆ. ಅವಳಿಗೆ ತಿಂಗಳೆಂದರೆ ಮಳೆಯ ಹೆಸರು: ಮಿರಗ, ಆರಿದ್ರಿ, ಹುಬ್ಬಿ, ಉತ್ತರಿ. ಒಂದೊಂದು ಹದಿಮೂರು ಹದಿನಾಲ್ಕು ದಿನ. ವಾರದೊಳಗೆ ಸೋಮವಾರ ಎತ್ತು ಹೂಡುವಂತಿಲ್ಲ. ಎತ್ತಿನ ಬಿಡುವಿನ ಆ ದಿನವೇ ಗಂಡಸರ ಕೈಗೆ ಮನೆಯ ಕೆಲಸ ಒಪ್ಪಿಸಲು ಹೆಂಗಸರಿಗೆ ಸಿಗುತ್ತಿದ್ದ ದಿನ. ಮಾಳಿಗೆಗೆ ಮೇಲ್ಮುದ್ದೆ ಹಾಕುವುದು, ಹಗ್ಗ ಹೊಸೆಯುವುದು, ಕಟ್ಟಿಗೆ ಸೀಳುವುದು.

ಅಜ್ಜನ ವಹಿಯಲ್ಲಿ ನಡೆಯುತ್ತಿದ್ದ ಕಾಲವೇ ಬೇರೆ. ಅದನ್ನು ನಾನು ದೊಡ್ಡವಳಾದ ಮೇಲೆ ಬಿಡಿಸಿ ಓದಿದೆ. ನಮ್ಮ ಸೀಮೆ ಆಗ ಹೈದರಾಬಾದ್ ಸಂಸ್ಥಾನದ್ದು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಸರ್ಕಾರಕ್ಕೆ ಕಟ್ಟುವ ಕಂದಾಯದ ಕಿಸ್ತಿಗೆ ಫಸಲಿ ವರ್ಷ. ಅದು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಶುರುವಾಗುತ್ತಿತ್ತು, ಆಜೂರ್, ದೈ, ಬಹಮನ್ ಎಂಬ ಪಾರಸಿ ತಿಂಗಳುಗಳೊಡನೆ. ಸಾಲಗಾರನ ಬಡ್ಡಿಗೆ ಉಗಾದಿಯಿಂದ ಉಗಾದಿ. ರೈಲು, ಅಂಚೆಗೆ ಇಂಗ್ಲಿಷ್ ತಾರೀಖು. ಒಂದೇ ಪುಟದಲ್ಲಿ ಮೂರು ಕಾಲ. ನಮ್ಮ ನೆಲಕ್ಕೆ ಇದು ಹೊಸದೇನೂ ಅಲ್ಲ. 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಎದ್ದಾಗ ಇಲ್ಲಿ ನಡೆಯುತ್ತಿದ್ದದ್ದು ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನ ಹೆಸರಿನಲ್ಲೇ ಹೂಡಿದ ಶಕೆ. ಆಳುವವರು ಬದಲಾದಾಗ ವರ್ಷದ ಅಂಕಿ ಬದಲಾಗುತ್ತದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಮರುವರ್ಷ ಜಾಗೀರುಗಳನ್ನು ತೆಗೆದುಹಾಕಿದ ಕಾನೂನಿನ ಹೆಸರಿನಲ್ಲಿ ಮಾತ್ರ ಇನ್ನೂ 1358ನೆಯ ಫಸಲಿಯೇ ಇತ್ತು. ಅಜ್ಜನೂ ಅಷ್ಟು ಬೇಗ ಬಿಡಲಿಲ್ಲ, ಮುಂದಿನ ಕೆಲವು ಪುಟಗಳಲ್ಲಿ ಫಸಲಿ ಅಂಕಿ ಹಾಕಿ ಹೊಡೆದುಹಾಕಿದ ಗೀಟುಗಳಿವೆ. ಅಮ್ಮನ ಬೊಟ್ಟುಗಳಿಗೆ ಇದ್ಯಾವುದೂ ತಟ್ಟಲಿಲ್ಲ.

ಅವಳ ದಿನವನ್ನು ತಟ್ಟಿದ್ದು ಗಿರಣಿ. ನಾನು ಹುಟ್ಟುವ ಸುಮಾರಿಗೆ ನಮ್ಮೂರಿಗೆ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಬಂತು. ಎರಡು ತಾಸಿನ ಬೀಸು ತಪ್ಪಿತು. ಇದರ ಹರ್ಷವನ್ನು ಹಗುರಾಗಿ ಕಾಣಬಾರದು: ಬಸುರಿ, ಬಾಣಂತಿ, ಜ್ವರದವಳು ಎನ್ನದೆ ಎಲ್ಲರ ರಟ್ಟೆಯನ್ನೂ ತಿಂದ ಕಲ್ಲು ಅದು. ಹಳೆಯ ಹಾಡು ಹೋಯಿತೆಂದು ಮರುಗುವವರು ಒಂದು ನಸುಕಿಗೆ ಅದರ ಗೂಟ ಹಿಡಿಯಬೇಕು. ಆದರೆ ಉಳಿದ ಎರಡು ತಾಸು ಅಮ್ಮನ ಕೈಗಾಗಲಿ ಅವ್ವನ ಕೈಗಾಗಲಿ ಬರಲಿಲ್ಲ. ಗಿರಣಿಯಲ್ಲಿ ಪಾಳಿ ಹಚ್ಚಬೇಕು, ಕಾಸು ಕೊಡಬೇಕು, ಆ ಕಾಸಿಗಾಗಿ ಕೂಲಿಗೆ ಹೋಗಬೇಕು. ಬೀಸುತ್ತಿದ್ದ ಹೊತ್ತಿಗೆ ಅವ್ವ ಈಗ ಪರರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು.

ನನ್ನನ್ನು ಕೊಟ್ಟದ್ದು ಗಂಗಾವತಿ ಕಡೆಗೆ, ಕಾಲುವೆಯ ಬಯಲಿಗೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಹರಿದಂತೆ ಜೋಳದ ಸೀಮೆ ಭತ್ತದ ಸೀಮೆಯಾಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳೆದ್ದವು. ತವರಿನಲ್ಲಿ ಮಳೆಯ ಹೆಸರು ಕೇಳಿ ಬೆಳೆದ ನನಗೆ ಅಲ್ಲಿ ಯಾರ ಬಾಯಲ್ಲೂ ಉತ್ತರಿ ಹುಬ್ಬಿ ಕೇಳಿಸಲಿಲ್ಲ. ಕೇಳಿಸಿದ್ದು “ಕಾಲುವಿ ಬಿಟ್ರಂತ?” ಮತ್ತು “ಕಾಲುವಿ ಯಾವಾಗ ಬಂದ್ ಮಾಡ್ತಾರಂತ?” ಮದುವೆ, ಬಾಣಂತನ, ಮನೆ ಕಟ್ಟುವುದು, ಎಲ್ಲಕ್ಕೂ ಎರಡು ಬೆಳೆಗಳ ನಡುವೆ ಕಾಲುವೆ ಒಣಗಿರುವ ತಿಂಗಳುಗಳು. ನಾಟಿಯ ಹೆಂಗಸರು ಎಕರೆಗಿಷ್ಟೆಂದು ಗುತ್ತಿಗೆ ಹಿಡಿಯುತ್ತಿದ್ದರು. ಬೇಗ ಮುಗಿಸಿದರೆ ಇನ್ನೊಂದು ತುಂಡು ಸಿಗುತ್ತದೆಂಬ ಆಸೆಗೆ ನಸುಕಿನ ಐದಕ್ಕೇ ಟ್ರ್ಯಾಕ್ಟರ್ ಏರಬೇಕು, ಅದಕ್ಕೂ ಮೊದಲು ಅನ್ನ, ಸಾರು, ಮಕ್ಕಳ ಡಬ್ಬಿ. ಆ ಮನೆಗಳಲ್ಲಿ ಕೈಗಡಿಯಾರ ಮೊದಲು ಕಟ್ಟಿದ್ದು ಗುಂಪಿನ ಮುಂದಾಳು ಹೆಂಗಸು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನನ್ನ ನಾದಿನಿ ಫೋನಿನಲ್ಲಿ ಅತ್ತದ್ದು ನೀರಿಗಾಗಿ ಮಾತ್ರವಲ್ಲ. ಮಗಳ ಮದುವೆಯ ದಿನ, ಚೀಟಿಯ ಕಂತು, ಎಲ್ಲವೂ ಆ ನೀರಿನ ಮೇಲೆ ಬರೆದದ್ದು.

ಅಲ್ಲಿಯ ನನ್ನ ಅತ್ತೆಗೆ ಹೊತ್ತು ಹೇಳುತ್ತಿದ್ದದ್ದು ರೇಡಿಯೋ. ದಿಲ್ಲಿಯ ಕನ್ನಡ ವಾರ್ತೆ 7.35ಕ್ಕೆ ಬಂದರೆ ಒಲೆಯಿಂದ ಅನ್ನ ಇಳಿಯಬೇಕು. ಆಮೇಲೆ ಗ್ಯಾಸು ಬಂತು, ಮಿಕ್ಸರ್ ಬಂತು, ನಲ್ಲಿ ಬಂತು. ಪ್ರತಿಯೊಂದೂ ಹೊತ್ತು ಉಳಿಸಿತು, ಪ್ರತಿಯೊಂದೂ ತನ್ನದೇ ಹೊತ್ತನ್ನು ಕೇಳಿತು. ನಾನು ಬಾಡಿಗೆಗಿದ್ದ ಒಂದು ಓಣಿಯಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಕರೆಂಟು ಬಂದಾಗ ಮೋಟಾರು, ಮೋಟಾರು ಓಡುವಾಗ ಬಟ್ಟೆ, ಪಾತ್ರೆ. ಅಮ್ಮ ಕಲ್ಲಿಗೆ ಏಳುತ್ತಿದ್ದ ಹೊತ್ತಿಗೇ ನಾನು ಕೊಡ ಹಿಡಿದು ನಿಂತಿರುತ್ತಿದ್ದೆ. ನೂರು ವರ್ಷದಲ್ಲಿ ನಸುಕಿನ ಕೆಲಸ ಬದಲಾಯಿತು, ಆ ಹೊತ್ತಿನಲ್ಲಿ ಎದ್ದಿರುವವಳು ಬದಲಾಗಲಿಲ್ಲ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ತವರಿನ ಮಾಳಿಗೆ ಈಗ ಇಲ್ಲ. ತಮ್ಮ ಆರ್‌ಸಿಸಿ ಹಾಕಿಸಿದ, ಪಡಸಾಲೆಗೆ ಟೈಲ್ಸ್ ಬಂತು. ಅಡಕಲಿನ ಗಡಿಗೆಗಳಲ್ಲಿ ಉಪ್ಪಿನದೊಂದು ಉಳಿದಿದೆ, ಚಿಗವ್ವ ಅದನ್ನು ಯಾರಿಗೂ ಕೊಟ್ಟಿಲ್ಲ. ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಹೋಗುತ್ತದೆ. ದಿನಗಟ್ಟಲೆ ಮೊದಲೇ ತಟ್ಟಿ, ಒಣಗಿಸಿ, ಖಡಕ್ ಮಾಡಿ ಕಳಿಸುವುದು. 2025ರ ಜಾತ್ರೆಯ ರೊಟ್ಟಿಗೆ ನಾನೂ ತವರಿಗೆ ಹೋಗಿ ಕೂತಿದ್ದೆ. ಐದು ಒಲೆ, ಹದಿನಾರು ಹೆಂಗಸರು. ಯಾರೂ ಗಂಟೆ ನೋಡಲಿಲ್ಲ. ಹಿಟ್ಟಿನ ಡಬ್ಬಿ ಎಷ್ಟು ಖಾಲಿಯಾಯಿತು ಎಂಬುದೇ ಲೆಕ್ಕ.

ಸಂಜೆ ತಮ್ಮನ ಮಗ ಬಂದು, ರೊಟ್ಟಿ ಒಯ್ಯುವ ಟ್ರ್ಯಾಕ್ಟರ್ ಯಾವಾಗ ಹೊರಡಬೇಕೆಂದು ಕೇಳಿದವರಿಗೆ ಹಿರಿಯರ ಮಾತಿನಂತೆ, “ನಾಳೆ ಬೆಳ್ಳಿ ಮೂಡಿದ ಮ್ಯಾಲೆ” ಅಂದ. ಚಿಗವ್ವ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ಪಡುವಲಕ್ಕೆ ತೋರಿಸಿದಳು. ಬೇವಿನ ಮರದ ಮೇಲೆ ಬೆಳ್ಳಿ ನಿಚ್ಚಳವಾಗಿ ಹೊಳೆಯುತ್ತಿತ್ತು.

“ಅಕಿ ಈ ವರ್ಷ ಸಂಜಿಕಡೆ ಅದಾಳಪ್ಪಾ, ನಸಿಕಿಗೆ ಬರಂಗಿಲ್ಲ. ನೀ ಗಂಟಿ ಹೇಳು.”

“ನಾಲ್ಕೂವರಿಗೆ, ಅಮ್ಮಾ.”

“ಹಾಂ,” ಅಂದು ಒಳಗೆ ಹೋಗಿ, ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.