‘ಇನ್‌ಫ್ಲ್ಯಾಮಬಲ್’ ಎಂದರೆ ಬೆಂಕಿ ಹತ್ತದ ವಸ್ತುವೇ? ‘ಐ’ ಅಕ್ಷರದ ಇಂಗ್ಲಿಷ್ ಪದಗಳ ಅರ್ಥ ಮತ್ತು ರೂಪಗಳು

ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ಹೋಗುವಾಗ ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಶಾಲೆಯಲ್ಲಿ ನಾವು ಕಲಿತ ನಿಯಮ ಹೀಗಿದೆ: ಪದದ ಮುಂದೆ ‘ಇನ್’ ಬಂದರೆ ಅರ್ಥ ತಿರುಗುಮುರುಗು. ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ತಪ್ಪು. ಹಾಗಾದರೆ ಫ್ಲ್ಯಾಮಬಲ್ ಎಂದರೆ ಬೆಂಕಿ ಹತ್ತುವುದು, ಇನ್‌ಫ್ಲ್ಯಾಮಬಲ್ ಎಂದರೆ ಬೆಂಕಿ ಹತ್ತದ್ದು ಎಂದಾಗಬೇಕಲ್ಲವೇ?

ಉತ್ತರ: ಇಲ್ಲ. ಎರಡೂ ಪದಗಳ ಅರ್ಥ ಒಂದೇ, ‘ಸುಲಭವಾಗಿ ಬೆಂಕಿ ಹತ್ತಿಕೊಳ್ಳುವ’ ಎಂದು. ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲ್ಯಾಮಬಲ್’ ಎನ್ನುತ್ತಾರೆ. ಈ ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡರೆ ಜೀವಕ್ಕೇ ಅಪಾಯ. ಇದು ಹೇಗೆ ಆಯಿತು, ‘ಐ’ ಅಕ್ಷರದಲ್ಲಿ ಇಂಥ ಬೇರೆ ಪದಗಳು ಯಾವುವು, ಅವುಗಳ ರೂಪಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಇಲ್ಲಿ ನೋಡೋಣ.

ಒಂದೇ ‘ಇನ್’, ಎರಡು ಮೂಲ

ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ನೋಡಲು ಒಂದೇ ಥರ ಇವೆ, ಅಷ್ಟೆ.

ಮೊದಲನೆಯದು ‘ಅಲ್ಲ, ಇಲ್ಲ’ ಎಂಬ ಅರ್ಥದ್ದು. ಇನ್‌ವಿಸಿಬಲ್ (ಕಾಣದ), ಇನ್‌ಕ್ಯುರಬಲ್ (ಗುಣವಾಗದ), ಇನ್‌ಎಡಿಬಲ್ (ತಿನ್ನಲಾಗದ) ಈ ಗುಂಪಿಗೆ ಸೇರುತ್ತವೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಅನರ್ಥ’, ‘ಅನಾರೋಗ್ಯ’ ಪದಗಳಲ್ಲಿರುವ ‘ಅನ್’, ಇಂಗ್ಲಿಷಿನದೇ ಆದ ‘ಅನ್‌ಹ್ಯಾಪಿ’ಯ ‘ಅನ್’, ಲ್ಯಾಟಿನ್ನಿನ ಈ ‘ಇನ್’ ಮೂರೂ ಒಂದೇ ಪ್ರಾಚೀನ ಮೂಲದಿಂದ ಬಂದ ಬಂಧುಗಳು.

ಎರಡನೆಯದು ‘ಒಳಗೆ, ಮೇಲೆ, ಕಡೆಗೆ’ ಎಂಬ ಅರ್ಥದ್ದು. ಇನ್‌ಹೇಲ್ (ಉಸಿರು ಒಳಗೆಳೆದುಕೊಳ್ಳು), ಇಂಜೆಕ್ಟ್ (ಒಳಗೆ ಚುಚ್ಚು), ಇನ್‌ಸರ್ಟ್ (ಒಳಗೆ ಸೇರಿಸು) ಈ ಗುಂಪಿನವು.

ಇನ್‌ಫ್ಲ್ಯಾಮಬಲ್ ಪದದಲ್ಲಿರುವುದು ಎರಡನೆಯ ‘ಇನ್’. ಲ್ಯಾಟಿನ್ನಿನ ‘ಇನ್‌ಫ್ಲಮಾರೆ’ ಎಂದರೆ ‘ಉರಿ ಹಚ್ಚು’. ಅದರಿಂದ ಬಂದ ಇನ್‌ಫ್ಲ್ಯಾಮಬಲ್ ಎಂದರೆ ‘ಉರಿ ಹಚ್ಚಬಹುದಾದ’. ಇಂಗ್ಲಿಷಿನಲ್ಲಿ ಮೊದಲು ಬಳಕೆಗೆ ಬಂದದ್ದೂ ಇದೇ ಪದ. ‘ಫ್ಲ್ಯಾಮಬಲ್’ ಬಂದದ್ದು ಬಹಳ ತಡವಾಗಿ, 19ನೇ ಶತಮಾನದ ಆರಂಭದಲ್ಲಿ. ‘ಇನ್’ ನೋಡಿ ಜನ ಮೋಸ ಹೋಗಬಾರದೆಂದು 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್, ಎಚ್ಚರಿಕೆಯ ಬರಹಗಳಲ್ಲಿ ‘ಫ್ಲ್ಯಾಮಬಲ್’ ಪದವನ್ನೇ ಬಳಸುವಂತೆ ಒತ್ತಾಯಿಸಿತು. ರಾಸಾಯನಿಕಗಳ ಲೇಬಲ್‌ಗಾಗಿ ವಿಶ್ವಸಂಸ್ಥೆ ರೂಪಿಸಿರುವ ಜಾಗತಿಕ ಪದ್ಧತಿಯಲ್ಲೂ ಈಗ ಇರುವುದು ‘ಫ್ಲ್ಯಾಮಬಲ್’.

ನಮ್ಮಲ್ಲಿ ಎರಡೂ ಪದಗಳು ಕಾಣಸಿಗುತ್ತವೆ. ಪೆಟ್ರೋಲ್, ಥಿನ್ನರ್, ಸ್ಪಿರಿಟ್, ಆಲ್ಕೋಹಾಲ್ ಇರುವ ಹ್ಯಾಂಡ್ ಸ್ಯಾನಿಟೈಜರ್, ಸುಗಂಧದ ಸ್ಪ್ರೇ ಇವುಗಳ ಮೇಲೆ ಯಾವ ಪದವಿದ್ದರೂ ಬೆಂಕಿಯಿಂದ ದೂರವಿಡಿ. ಪದ ಅರ್ಥವಾಗದಿದ್ದರೆ ಚಿತ್ರ ನೋಡಿ: ಕೆಂಪು ವಜ್ರಾಕಾರದ ಚೌಕದಲ್ಲಿ ಜ್ವಾಲೆಯ ಗುರುತಿದ್ದರೆ ಅದು ಬೆಂಕಿ ಹತ್ತುವ ವಸ್ತು. ಸಾಗಣೆಯ ಲೇಬಲ್‌ನಲ್ಲಿ ಅದರ ಕೆಳಗೆ 3 ಎಂದಿದ್ದರೆ ಒಳಗಿರುವುದು ಬೆಂಕಿ ಹತ್ತುವ ದ್ರವ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಅದು ಸದಾ ಅಪಾಯಕಾರಿಯೇ.

‘ಇನ್’ ಇದ್ದರೂ ವಿರುದ್ಧಾರ್ಥವಲ್ಲದ ಪದಗಳು

- ಇನ್‌ವ್ಯಾಲ್ಯುಬಲ್: ಬೆಲೆಯಿಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ಬೆಲೆಯಿಲ್ಲದ್ದಕ್ಕೆ ‘ವ್ಯಾಲ್ಯುಲೆಸ್’ ಅಥವಾ ‘ವರ್ತ್‌ಲೆಸ್’.
- ಇನ್‌ಫಮಸ್: ಹೆಸರಿಲ್ಲದವನು ಅಲ್ಲ, ಕೆಟ್ಟ ಹೆಸರಿನವನು, ಕುಖ್ಯಾತ. ಉಚ್ಚಾರಣೆ ‘ಇನ್‌ಫೇಮಸ್’ ಅಲ್ಲ. ಒತ್ತು ಮೊದಲ ಅಕ್ಷರದ ಮೇಲೆ.
- ಇನ್‌ಹ್ಯಾಬಿಟಬಲ್: ವಾಸಿಸಲು ಯೋಗ್ಯ. ಹ್ಯಾಬಿಟಬಲ್ ಎಂದರೂ ಅದೇ. ವಾಸಕ್ಕೆ ಯೋಗ್ಯವಲ್ಲದ್ದು ‘ಅನ್‌ಇನ್‌ಹ್ಯಾಬಿಟಬಲ್’.
- ಇನ್‌ಡಿಫರೆಂಟ್: ಬೇರೆಯಲ್ಲದ್ದು ಎಂದಲ್ಲ, ಆಸಕ್ತಿ ಇಲ್ಲದ, ಉದಾಸೀನ.

‘ಇನ್’ ರೂಪ ಬದಲಿಸುವ ಬಗೆ: ನಮಗೆ ಗೊತ್ತಿರುವ ಸಂಧಿಯೇ

ಇನ್‌ಪಾಸಿಬಲ್, ಇನ್‌ಲೀಗಲ್, ಇನ್‌ರೆಗ್ಯುಲರ್ ಎಂದು ಯಾರೂ ಹೇಳುವುದಿಲ್ಲ. ಕಾರಣ ಸಂಧಿ. ‘ಇನ್’ ಮುಂದೆ ಪ, ಬ, ಮ ಧ್ವನಿ ಬಂದರೆ ಅದು ‘ಇಮ್’ ಆಗುತ್ತದೆ: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚೂರ್. ಲ ಬಂದರೆ ‘ಇಲ್’: ಇಲ್ಲೀಗಲ್, ಇಲ್ಲಿಟರೇಟ್. ರ ಬಂದರೆ ‘ಇರ್’: ಇರ್ರೆಗ್ಯುಲರ್, ಇರ್ರೆಸ್ಪಾನ್ಸಿಬಲ್. ‘ಉತ್’ ಮತ್ತು ‘ಲೇಖ’ ಸೇರಿ ‘ಉಲ್ಲೇಖ’ ಆಗುವುದು ನೆನಪಿದೆಯೇ? ಮುಂದಿನ ಧ್ವನಿ ಹಿಂದಿನದನ್ನು ತನ್ನಂತೆ ಮಾಡಿಕೊಳ್ಳುವ ಅದೇ ಕ್ರಿಯೆ ಇಲ್ಲಿಯೂ ನಡೆದಿದೆ. ಬರೆಯುವಾಗ ಇಮ್ಮೆಚೂರ್ ಪದಕ್ಕೆ ಎರಡು ಎಂ, ಇಲ್ಲೀಗಲ್‌ಗೆ ಎರಡು ಎಲ್, ಇರ್ರೆಗ್ಯುಲರ್‌ಗೆ ಎರಡು ಆರ್ ಏಕೆ ಎಂಬುದಕ್ಕೆ ಇದೇ ಉತ್ತರ.

ಪರೀಕ್ಷೆ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕೆಲವು ಗುಣವಾಚಕಗಳಿಗೆ ‘ಅನ್’ ಬರುತ್ತದೆ, ಆದರೆ ಅವುಗಳ ನಾಮಪದಕ್ಕೆ ‘ಇನ್’ ಬರುತ್ತದೆ:

- ಅನೇಬಲ್ → ಇನೆಬಿಲಿಟಿ (ಅಸಾಮರ್ಥ್ಯ)
- ಅನ್‌ಈಕ್ವಲ್ → ಇನ್‌ಈಕ್ವಾಲಿಟಿ (ಅಸಮಾನತೆ)
- ಅನ್‌ಸ್ಟೇಬಲ್ → ಇನ್‌ಸ್ಟೆಬಿಲಿಟಿ (ಅಸ್ಥಿರತೆ)
- ಅನ್‌ಜಸ್ಟ್ → ಇನ್‌ಜಸ್ಟಿಸ್ (ಅನ್ಯಾಯ)

ಒತ್ತು ಬದಲಾದರೆ ಅರ್ಥವೂ ಬದಲು

ಇನ್‌ಕ್ರೀಸ್, ಇಂಪೋರ್ಟ್, ಇನ್‌ಸಲ್ಟ್ ಪದಗಳು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದವಾದಾಗ ಎರಡನೆಯ ಭಾಗದ ಮೇಲೆ ಬೀಳುತ್ತದೆ. ‘ಇನ್‌ವಲಿಡ್’ ಪದದಲ್ಲಂತೂ ಅರ್ಥವೇ ಬೇರೆಯಾಗುತ್ತದೆ. ಒತ್ತು ಮೊದಲ ಭಾಗದ ಮೇಲಿದ್ದರೆ ‘ಕಾಯಿಲೆಯಿಂದ ಬಹಳ ಕಾಲ ದುರ್ಬಲನಾದ ವ್ಯಕ್ತಿ’. ಎರಡನೆಯ ಭಾಗದ ಮೇಲಿದ್ದರೆ ‘ಊರ್ಜಿತವಲ್ಲದ, ಅಸಿಂಧು’. ಎಟಿಎಂ ಪರದೆಯಲ್ಲಿ ಪಿನ್ ಬಗ್ಗೆ ಬರುವುದು ಎರಡನೆಯದು.

ಇನ್‌ಫೆಕ್ಷನ್ ಮತ್ತು ಇನ್‌ಫ್ಲಮೇಷನ್ ಒಂದೇ ಅಲ್ಲ

ಆಸ್ಪತ್ರೆಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ಇದು.

ಇನ್‌ಫೆಕ್ಷನ್ ಎಂದರೆ ಸೋಂಕು. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಅಥವಾ ಪರೋಪಜೀವಿ ದೇಹದೊಳಗೆ ಸೇರಿ ಬೆಳೆಯುವುದು. ರೂಪಗಳು: ಇನ್‌ಫೆಕ್ಟ್ (ಸೋಂಕು ತಗುಲಿಸು), ಇನ್‌ಫೆಕ್ಟೆಡ್ (ಸೋಂಕು ತಗುಲಿದ), ಇನ್‌ಫೆಕ್ಷಸ್ (ಸೋಂಕು ಉಂಟುಮಾಡುವ).

ಇನ್‌ಫ್ಲಮೇಷನ್ ಎಂದರೆ ಉರಿಯೂತ. ಪೆಟ್ಟು, ಸೋಂಕು ಅಥವಾ ಕೆರಳಿಕೆಗೆ ದೇಹ ತೋರುವ ಪ್ರತಿಕ್ರಿಯೆ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು ಎಂಬ ಇದರ 4 ಲಕ್ಷಣಗಳನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ದಾಖಲಿಸಿದ್ದಾನೆ. ಟ್ಯಾಂಕರ್ ಮೇಲಿನ ಪದವೂ ಇದೂ ಒಂದೇ ಮೂಲದವು. ಎರಡರಲ್ಲೂ ಇರುವುದು ‘ಉರಿ’. ರೂಪಗಳು: ಇನ್‌ಫ್ಲೇಮ್ಡ್ (ಉರಿಯೂತವಾದ), ಇನ್‌ಫ್ಲ್ಯಾಮೇಟರಿ (ಉರಿಯೂತದ).

ಸೋಂಕಿಲ್ಲದೆಯೂ ಉರಿಯೂತ ಆಗಬಹುದು. ಕಾಲು ಉಳುಕಿ ಊದಿಕೊಂಡರೆ, ಸಂಧಿವಾತದಿಂದ ಕೀಲು ನೋಯುತ್ತಿದ್ದರೆ ಅಲ್ಲಿ ಸೋಂಕು ಇರಬೇಕೆಂದಿಲ್ಲ. ‘ಉರಿ, ಊತ ಇದೆ, ಆ್ಯಂಟಿಬಯಾಟಿಕ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು ಆದ್ದರಿಂದಲೇ ತಪ್ಪು. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಸೋಂಕಿನ ಮೇಲೆ ಮಾತ್ರ.

ವೈದ್ಯಕೀಯ ವರದಿಯಲ್ಲಿ ಕಾಣುವ ಪದಗಳು

- ಇಂಪ್ರೆಶನ್: ಸ್ಕ್ಯಾನ್ ವರದಿಯ ಕೊನೆಯಲ್ಲಿ ಬರುತ್ತದೆ. ಇಲ್ಲಿ ‘ಅನಿಸಿಕೆ’ ಎಂದಲ್ಲ, ಚಿತ್ರಗಳನ್ನು ನೋಡಿ ತಜ್ಞರು ಬಂದ ತೀರ್ಮಾನದ ಸಾರಾಂಶ.
- ಇನ್ಸಿಡೆಂಟಲ್: ಬೇರೆ ಕಾರಣಕ್ಕೆ ಪರೀಕ್ಷೆ ಮಾಡಿದಾಗ ಆಕಸ್ಮಿಕವಾಗಿ ಕಂಡದ್ದು. ಎಲ್ಲವೂ ಗಂಭೀರವಲ್ಲ, ಆದರೆ ವೈದ್ಯರಿಗೆ ತೋರಿಸಿಯೇ ನಿರ್ಧರಿಸಬೇಕು.
- ಇಡಿಯೋಪಥಿಕ್: ಇದು ಕಾಯಿಲೆಯ ಹೆಸರಲ್ಲ. ‘ಕಾರಣ ಪತ್ತೆಯಾಗಿಲ್ಲ’ ಎಂದಷ್ಟೇ ಅರ್ಥ.
- ಇಸ್ಕೀಮಿಯಾ: ದೇಹದ ಒಂದು ಭಾಗಕ್ಕೆ ರಕ್ತ ಪೂರೈಕೆ ಕಡಿಮೆಯಾಗಿರುವುದು. ಗುಣವಾಚಕ ಇಸ್ಕೀಮಿಕ್. ಹೃದಯ ಅಥವಾ ಮಿದುಳಿನ ವರದಿಯಲ್ಲಿ ಈ ಪದ ಕಂಡರೆ ತಡ ಮಾಡದೆ ವೈದ್ಯರನ್ನು ಕಾಣಿ.
- ಇನ್‌ಕಾಂಪಿಟೆಂಟ್: ಕವಾಟದ ಬಗ್ಗೆ ಹೇಳಿದ್ದರೆ ಅದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ.
- ಇಂಟ್ರಾವೀನಸ್: ರಕ್ತನಾಳದೊಳಗೆ, ‘ಐವಿ’ ಎಂಬುದು ಇದರ ಸಂಕ್ಷಿಪ್ತ ರೂಪ. ‘ಇಂಟ್ರಾ’ ಎಂದರೆ ಒಳಗೆ, ‘ಇಂಟರ್’ ಎಂದರೆ ನಡುವೆ. ಇಂಟರ್‌ಸ್ಟೇಟ್ ಬಸ್ಸು ರಾಜ್ಯಗಳ ನಡುವಿನದು, ಇಂಟ್ರಾಸ್ಟೇಟ್ ರಾಜ್ಯದ ಒಳಗಿನದು.
- ಐಯು: ಇಂಟರ್‌ನ್ಯಾಷನಲ್ ಯೂನಿಟ್. ವಿಟಮಿನ್ ಡಿ 60,000 ಐಯು ಎಂದರೆ ಬಹಳ ದೊಡ್ಡ ಪ್ರಮಾಣವೆಂದು ಗಾಬರಿಯಾಗಬಹುದು. ತೂಕದಲ್ಲಿ ಅದು 1.5 ಮಿಲಿಗ್ರಾಂ ಮಾತ್ರ. ಆದರೆ ಅದನ್ನು ವೈದ್ಯರು ಹೇಳಿದಷ್ಟೇ ದಿನಗಳಿಗೊಮ್ಮೆ ತೆಗೆದುಕೊಳ್ಳಬೇಕು, ದಿನವೂ ಅಲ್ಲ. ಕೈಬರಹದಲ್ಲಿ ‘ಐಯು’ ಎಂಬುದನ್ನು ‘ಐವಿ’ ಎಂದೋ 10 ಎಂದೋ ಓದಿಬಿಡುವ ಅಪಾಯ ಇರುವುದರಿಂದ, ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಇದನ್ನು ಬಳಸಬಾರದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿದೆ. ಪೂರ್ತಿ ಪದ ಬರೆಯುವುದೇ ಸುರಕ್ಷಿತ.

ದ್ವೀಪದಿಂದ ಹುಟ್ಟಿದ ಪದಗಳು

ಲ್ಯಾಟಿನ್ನಿನಲ್ಲಿ ‘ಇನ್ಸುಲ’ ಎಂದರೆ ದ್ವೀಪ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಅಲ್ಲಲ್ಲಿ ಚದುರಿದ ಜೀವಕೋಶಗಳ ಗುಂಪುಗಳನ್ನು ಗುರುತಿಸಿದ. ಅಲ್ಲಿ ತಯಾರಾಗುವ ಹಾರ್ಮೋನಿಗೆ ಆದ್ದರಿಂದಲೇ ಇನ್ಸುಲಿನ್ ಎಂಬ ಹೆಸರು. ವಿದ್ಯುತ್ ತಂತಿಯ ಇನ್ಸುಲೇಷನ್, ರೋಗಿಯನ್ನು ಪ್ರತ್ಯೇಕವಾಗಿಡುವ ಐಸೊಲೇಷನ್ ಕೂಡ ಇದೇ ಕುಟುಂಬದವು. ಎಲ್ಲದರಲ್ಲೂ ‘ಬೇರೆಯಾಗಿ ಇಡು’ ಎಂಬ ಭಾವವಿದೆ.

ವಿಚಿತ್ರವೆಂದರೆ ಐಲ್ಯಾಂಡ್ ಮಾತ್ರ ಈ ಕುಟುಂಬಕ್ಕೆ ಸೇರಿಲ್ಲ. ಅದು ಅಚ್ಚ ಇಂಗ್ಲಿಷ್ ಪದ; ಹಳೆಯ ರೂಪದಲ್ಲಿ ‘ಎಸ್’ ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಮೂಲದ ‘ಐಲ್’ ಪದಕ್ಕೂ ಇದಕ್ಕೂ ಸಂಬಂಧವಿದೆ ಎಂದು ತಪ್ಪಾಗಿ ಭಾವಿಸಿ ಅದರಲ್ಲಿದ್ದ ‘ಎಸ್’ ಅನ್ನು ಇಲ್ಲಿಗೂ ಸೇರಿಸಿದರು. ಬರೆದರೂ ಉಚ್ಚರಿಸದ ಆ ಅಕ್ಷರ ಹಳೆಯ ತಪ್ಪೊಂದರ ಗುರುತು.

ಇನ್ನಷ್ಟು ಪದಗಳ ಹಿನ್ನೆಲೆ

- ಇಗ್ನೈಟ್ (ಹೊತ್ತಿಸು): ಲ್ಯಾಟಿನ್ ‘ಇಗ್ನಿಸ್’, ಅಂದರೆ ಬೆಂಕಿ. ನಮ್ಮ ‘ಅಗ್ನಿ’ಯ ಬಂಧು. ರೂಪಗಳು: ಇಗ್ನಿಷನ್ (ಹೊತ್ತಿಸುವಿಕೆ, ಬೈಕಿನ ಕೀಲಿ ತಿರುಗಿಸುವ ಜಾಗಕ್ಕೂ ಇದೇ ಹೆಸರು), ಇಗ್ನಿಯಸ್ (ಅಗ್ನಿಶಿಲೆಯ).
- ಇಮ್ಯೂನ್: ಮೂಲದಲ್ಲಿ ‘ತೆರಿಗೆ ಮತ್ತು ಸಾರ್ವಜನಿಕ ಕರ್ತವ್ಯದಿಂದ ವಿನಾಯಿತಿ ಪಡೆದ’. ಈಗ ರೋಗದಿಂದ ರಕ್ಷಣೆ ಪಡೆದ. ರೂಪಗಳು: ಇಮ್ಯೂನಿಟಿ (ರೋಗನಿರೋಧಕ ಶಕ್ತಿ), ಇಮ್ಯುನೈಸ್, ಇಮ್ಯುನೈಸೇಷನ್.
- ಇನಾಕ್ಯುಲೇಟ್: ಲ್ಯಾಟಿನ್ನಿನ ‘ಕಣ್ಣು’ ಪದದಿಂದ ಬಂದದ್ದು. ಗಿಡದ ಮೊಗ್ಗನ್ನೂ ಅವರು ಕಣ್ಣು ಎನ್ನುತ್ತಿದ್ದರು. ನಮ್ಮ ತೋಟಗಾರರು ‘ಕಣ್ಣು ಕಸಿ’ ಎನ್ನುವುದು ಇದನ್ನೇ. ಕಸಿ ಮಾಡುವ ಅರ್ಥದ ಪದ ಆಮೇಲೆ ರೋಗತಡೆಗೆ ಚುಚ್ಚುವುದಕ್ಕೂ ಬಂತು. ಬರೆಯುವಾಗ ಎನ್ ಒಂದೇ, ಎರಡಲ್ಲ.
- ಇನ್‌ಫ್ಲುಯೆಂಜಾ: ಇಟಾಲಿಯನ್ನಿನಲ್ಲಿ ‘ಪ್ರಭಾವ’. ಜ್ವರ ಹರಡುವುದು ನಕ್ಷತ್ರಗಳ ಪ್ರಭಾವದಿಂದ ಎಂದು ನಂಬಿದ್ದ ಕಾಲದ ಹೆಸರು. ಕಾರಣ ವೈರಸ್ ಎಂದು ಗೊತ್ತಾದರೂ ಹೆಸರು ಉಳಿಯಿತು.
- ಇನ್‌ಫೆಂಟ್: ಲ್ಯಾಟಿನ್ನಿನಲ್ಲಿ ‘ಮಾತನಾಡದ’. ಅಂದರೆ ಇನ್ನೂ ಮಾತು ಬಾರದ ಹಸುಗೂಸು.

ಅಡ್ಡಾದಿಡ್ಡಿಯಾಗುವ ಜೋಡಿಗಳು

- ಇಂಡಸ್ಟ್ರಿಯಲ್: ಕೈಗಾರಿಕೆಗೆ ಸೇರಿದ. ಇಂಡಸ್ಟ್ರಿಯಸ್: ಕಷ್ಟಪಟ್ಟು ದುಡಿಯುವ.
- ಇಮ್ಯಾಜಿನರಿ: ಕಾಲ್ಪನಿಕ. ಇಮ್ಯಾಜಿನೇಟಿವ್: ಕಲ್ಪನಾಶಕ್ತಿ ಉಳ್ಳ.
- ಇನ್‌ಪೇಷೆಂಟ್: ಆಸ್ಪತ್ರೆಗೆ ದಾಖಲಾದ ರೋಗಿ. ಇಂಪೇಷೆಂಟ್: ತಾಳ್ಮೆಯಿಲ್ಲದ.

ಕೊನೆಯದಾಗಿ

ಪದದ ಮುಂದೆ ‘ಇನ್’ ಕಂಡ ಕೂಡಲೇ ‘ಅಲ್ಲ’ ಎಂದು ತೀರ್ಮಾನಿಸಬೇಡಿ. ಅದು ‘ಒಳಗೆ’ ಎಂಬ ಅರ್ಥದ ‘ಇನ್’ ಕೂಡ ಆಗಿರಬಹುದು. ಸಾಮಾನ್ಯ ಮಾತಿನಲ್ಲಿ ಪದ ತಪ್ಪಾದರೆ ಯಾರಾದರೂ ನಗಬಹುದು, ಅಷ್ಟೇ. ಔಷಧದ ಚೀಟಿ, ಪರೀಕ್ಷೆಯ ವರದಿ, ರಾಸಾಯನಿಕದ ಡಬ್ಬಿ ಈ ಮೂರರ ಮೇಲೆ ಇರುವ ಪದವನ್ನು ಮಾತ್ರ ಊಹಿಸಿ ಓದಬೇಡಿ. ನಿಘಂಟು ನೋಡಿ ಅಥವಾ ತಿಳಿದವರನ್ನು ಕೇಳಿ. ಮತ್ತು ಇನ್‌ಫ್ಲ್ಯಾಮಬಲ್ ಎಂದು ಬರೆದಿರುವ ಯಾವುದರ ಹತ್ತಿರವೂ ಬೆಂಕಿಕಡ್ಡಿ ಗೀರಬೇಡಿ.